ಚಟ್ಟದಂಗಡಿಯ ವೆಬ್‌ಸೈಟು

ಹೆಬ್ಬಾಳದಿಂದ ಕೆಂಪಾಪುರಕ್ಕೆ ಹೋಗುವ ದಾರಿಯಲ್ಲಿ ದಾಸಪ್ಪನ ಅಂಗಡಿ. ಬಿದಿರು, ಮಡಕೆ, ಬಿಳಿ ಬಟ್ಟೆ, ಊದುಬತ್ತಿ, ಹೆಣ ಸಾಗಿಸುವ ವ್ಯಾನು, ಹೀಗೆ ಸತ್ತವರಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು. ಬೋರ್ಡಿನ ಮೇಲೆ 'ಶ್ರೀ ಮುನೇಶ್ವರ ಅಂತ್ಯಕ್ರಿಯೆ ಸಾಮಗ್ರಿ' ಎಂದು ಬರೆಸಿದ್ದರೂ ಜನ ಚಟ್ಟದಂಗಡಿ ಎಂದೇ ಕರೆಯುತ್ತಿದ್ದರು. ದಾಸಪ್ಪ ಯಾರಿಗೂ ತಾನಾಗಿ ನಮಸ್ಕಾರ ಹೇಳಿದವನಲ್ಲ. ಕಾರ್ಪೊರೇಟರ್ ಎದುರಿಗೆ ಬಂದರೂ, ಇವತ್ತಲ್ಲ ನಾಳೆ ನೀನೂ ನನ್ನ ಹತ್ತಿರ ಬರಲೇಬೇಕಲ್ಲಪ್ಪ ಎನ್ನುವ ಹಾಗೆ ಒಂದು ನೋಟ ನೋಡಿ ಸುಮ್ಮನಾಗುತ್ತಿದ್ದ.

ಆ ಗತ್ತಿಗೆ ಪೆಟ್ಟು ಬಿದ್ದದ್ದು ೨೦೧೬ರಲ್ಲಿ. ಅಂಗಡಿಯ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ತೀರಿಕೊಂಡ ಸುದ್ದಿ ವಾಚ್‌ಮನ್ ಮೂಲಕ ಬಂತು. ದಾಸಪ್ಪ ಬಿದಿರು ಕಡಿಸಿಟ್ಟು, ಹೂವಿಗೆ ಹೇಳಿ, ಕಾದು ಕೂತ. ಯಾರೂ ಬರಲಿಲ್ಲ. ಹನ್ನೊಂದು ಗಂಟೆಗೆ ಯಶವಂತಪುರದವನೊಬ್ಬನ ವ್ಯಾನು ಅವನ ಕಣ್ಣೆದುರಿಗೇ ಒಳಗೆ ಹೋಗಿ, ಹೆಣ ಹೊತ್ತುಕೊಂಡು ಹೊರಗೆ ಬಂತು. ವಿಚಾರಿಸಿದರೆ, ಮಗ ಮೊಬೈಲಿನಲ್ಲಿ ಹುಡುಕಿದನಂತೆ. ಯಶವಂತಪುರದವನಿಗೆ ವೆಬ್‌ಸೈಟು ಇತ್ತಂತೆ.

ಕೂಗಳತೆಯ ಹೆಣ ಕೈತಪ್ಪಿದ ಸಂಕಟಕ್ಕೆ ದಾಸಪ್ಪ ಅಂದು ಊಟ ಬಿಟ್ಟ. ಹೆಂಡತಿ ಮುನಿಯಲ್ಲಮ್ಮ ಸಮಾಧಾನ ಮಾಡುವ ಪೈಕಿಯವಳಲ್ಲ. ಅಂಗಡಿಗೆ ಹಾರ ಕಟ್ಟುವುದು ಅವಳ ಕೆಲಸ. ಬೆಳಿಗ್ಗೆಯಿಂದ ಕಟ್ಟಿದ ಹಾರ ಬಾಡುತ್ತಿರುವುದನ್ನು ತೋರಿಸಿ, ಉಪವಾಸ ಕೂತರೆ ಹೆಣ ವಾಪಸ್ ಬರುತ್ತದಾ ಎಂದು ಕೇಳಿದಳು.

ಮರುವಾರ ದಾಸಪ್ಪ ಇಸ್ತ್ರಿ ಅಂಗಿ ತೊಟ್ಟು ಆರ್.ಟಿ. ನಗರದ ಒಂದು ಕಂಪನಿಗೆ ಹೋದ. ಅಲ್ಲಿ ಜಯಂತ್ ಎಂಬ ಯುವಕ ಗಾಜಿನ ಕೋಣೆಯಲ್ಲಿ ಕೂರಿಸಿ, ಟೀ ಕೊಟ್ಟು, ಗೋಡೆಯ ಮೇಲೆ ಚಿತ್ರ ತೋರಿಸುತ್ತ ಮುಕ್ಕಾಲು ಗಂಟೆ ಮಾತಾಡಿದ. ಬ್ರ್ಯಾಂಡಿಂಗ್ ಅಂದ, ಕಸ್ಟಮರ್ ಜರ್ನಿ ಅಂದ, ಗೋಲ್ಡ್ ಪ್ಯಾಕೇಜ್ ಎಂಬತ್ತೈದು ಸಾವಿರ ಅಂದ.

"ನಮ್ ಕಸ್ಟಮರ್‌ದು ಜರ್ನಿ ಒಂದೇ ಸಾರ್" ಎಂದ ದಾಸಪ್ಪ. "ಒಂದ್ಸಲ ಓದ್ರೆ ವಾಪಸ್ ಬರಾಕಿಲ್ಲ. ಅದುಕ್ಕೆ ಎಂಬತ್ತೈದು ಸಾವ್ರ ಯಾಕೆ?"

ಜಯಂತ್ ನಗಲಿಲ್ಲ. ಅದು ಪ್ಯಾಕೇಜು, ಬಿಡಿಸಿ ಹೇಳಲು ಬರುವುದಿಲ್ಲ ಎಂದ. ದಾಸಪ್ಪ ಟೀ ಮುಗಿಸಿ ಎದ್ದು ಬಂದ.

ಎಂಬತ್ತೈದು ಸಾವಿರದಿಂದ ತಪ್ಪಿಸಿಕೊಂಡ ಖುಷಿಯಲ್ಲೇ ಅವನು ಮುಂದಿನ ಹಳ್ಳಕ್ಕೆ ಬಿದ್ದ. ಫೋನಿನಲ್ಲಿ ಯಾರೋ ನಾಲ್ಕು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಎಲ್ಲಾ ಮಾಡಿಕೊಡುತ್ತೇವೆಂದರು. ದುಡ್ಡು ಕಳಿಸಿದ ಮೂರನೆಯ ದಿನಕ್ಕೆ ವೆಬ್‌ಸೈಟು ಬಂದೇ ಬಿಟ್ಟಿತು. ದಾಸಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಕನ್ನಡದಲ್ಲಿದ್ದ ಅಂಗಡಿಯ ಹೆಸರು, ಫೋನ್ ನಂಬರು ಸರಿಯಾಗಿರುವುದನ್ನು ನೋಡಿ, ಮುನಿಯಲ್ಲಮ್ಮನ ಕೈಯಲ್ಲಿ ಮೊಬೈಲಿಗೆ ಕುಂಕುಮ ಇಡಿಸಿದ.

ಅದರಲ್ಲಿ ಏನಿದೆ ಎಂದು ಓದಿ ಹೇಳಿದವನು ಅವನ ವ್ಯಾನ್ ಡ್ರೈವರ್ ಖುದ್ದೂಸ್. ಯಾವುದೋ ಅಡುಗೆ ಕಾಂಟ್ರಾಕ್ಟರಿಗೆ ಮಾಡಿದ್ದ ಸೈಟಿನ ಹೆಸರು ಬದಲಿಸಿ ಇವನ ತಲೆಗೆ ಕಟ್ಟಿದ್ದರು. ಮೇಲ್ಗಡೆ ಅಜ್ಜ, ಅಜ್ಜಿ, ಮಕ್ಕಳು ಹಲ್ಲು ಬಿಟ್ಟು ನಗುತ್ತಿರುವ ಫೋಟೋ. ಅದರ ಕೆಳಗೆ, ನಮ್ಮ ಸೇವೆ ಪಡೆದ ಸಾವಿರದ ಇನ್ನೂರು ಸಂತೃಪ್ತ ಗ್ರಾಹಕರು. ಇನ್ನೂ ಕೆಳಗೆ, ಇಡೀ ಕುಟುಂಬಕ್ಕೆ ಒಟ್ಟಿಗೆ ಬುಕ್ ಮಾಡಿದರೆ ಶೇಕಡ ಇಪ್ಪತ್ತು ರಿಯಾಯಿತಿ.

ತಿಂಗಳೊಳಗೆ ನಾಲ್ಕು ಫೋನು ಬಂದವು. ಮೂವರು ನಗಲಿಕ್ಕೆ ಮಾಡಿದ್ದರು. ನಾಲ್ಕನೆಯವರ ಮನೆಯಲ್ಲಿ ನಿಜವಾಗಿಯೂ ಸಾವಾಗಿತ್ತು; ಅವರು ಬೈದ ಬೈಗುಳವನ್ನು ದಾಸಪ್ಪ ಹೆಂಡತಿಗೆ ಕೂಡ ಪೂರ್ತಿ ಹೇಳಲಿಲ್ಲ. ಬದಲಿಸಿ ಕೊಡಿ ಎಂದರೆ ಆ ಕಂಪನಿಯವರು ಫೋನೇ ಎತ್ತಲಿಲ್ಲ. ವರ್ಷ ತುಂಬಿದ ದಿನ ಮಾತ್ರ ಅವರಾಗಿ ಫೋನ್ ಮಾಡಿದರು. ಮುಂದಿನ ವರ್ಷಕ್ಕೆ ಹದಿನಾಲ್ಕು ಸಾವಿರ; ಕೊಡದಿದ್ದರೆ ಅಂಗಡಿಯ ಹೆಸರು ಅವರ ಹತ್ತಿರವೇ ಇರುತ್ತದೆ, ಇಂಟರ್ನೆಟ್ಟಿನಲ್ಲಿ ದಾಸಪ್ಪ ಅದನ್ನು ಬಳಸುವಂತಿಲ್ಲ. ಮುನೇಶ್ವರನ ಹೆಸರು ಅವನಪ್ಪನದಾ ಎಂದು ದಾಸಪ್ಪ ರೇಗುತ್ತಿರುವಾಗಲೇ ಅಂಗಡಿಗೆ ಗಿರಾಕಿ ಬಂದದ್ದರಿಂದ ಮಾತು ಅಲ್ಲಿಗೆ ನಿಂತಿತು.

ಬಂದವಳು ಸಂಹಿತಾ, ಮೂವತ್ತರ ಆಸುಪಾಸಿನವಳು. ಅವಳ ತಾತ ಬೆಳಿಗ್ಗೆ ತೀರಿಕೊಂಡಿದ್ದರು. ಅತ್ತು ಅತ್ತು ಕಣ್ಣು ಊದಿದ್ದರೂ ನಿಧಾನವಾಗಿ ಕೇಳಿದಳು, ಎಷ್ಟಾಗುತ್ತದೆ ಎಂದು. ದಾಸಪ್ಪ ಎಂದಿನಂತೆ ಹದಿನಾರೂವರೆ ಸಾವಿರ ಎಂದ.

"ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಹೇಳ್ತೀರಾ?"

ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ದಾಸಪ್ಪನಿಗೆ ಸಿಟ್ಟು ಬಂತು. ಅದು ಪ್ಯಾಕೇಜು, ಬಿಡಿಸಿ ಹೇಳಲು ಬರುವುದಿಲ್ಲ ಎಂದ. ಹೇಳಿದ ಮೇಲೆ, ಈ ಮಾತನ್ನು ತಾನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ಅವಳು ವಾದ ಮಾಡಲಿಲ್ಲ, ದುಡ್ಡು ಎಣಿಸಿಟ್ಟು ಹೋದಳು.

ಚಿತಾಗಾರದಲ್ಲಿ ಕಾಯುತ್ತಿದ್ದಾಗ ನೆಂಟರ ಮಾತಿನಿಂದ ಖುದ್ದೂಸನಿಗೆ ಒಂದು ವಿಷಯ ತಿಳಿಯಿತು. ಆ ಹುಡುಗಿ ಮನೆಯಲ್ಲೇ ಕೂತು ವೆಬ್‌ಸೈಟು ಮಾಡಿಕೊಡುತ್ತಾಳಂತೆ. ದಾಸಪ್ಪ ಎರಡು ವಾರ ಒದ್ದಾಡಿದ. ಕೊನೆಗೆ ವೈಕುಂಠ ಸಮಾರಾಧನೆ ಮುಗಿದಿರಬಹುದು ಎಂದು ಲೆಕ್ಕ ಹಾಕಿ, ಒಂದು ಡಜನ್ ಬಾಳೆಹಣ್ಣು ಹಿಡಿದು ಅವಳ ಮನೆಗೆ ಹೋದ. ಬಾಗಿಲಲ್ಲಿ ಅವನನ್ನು ಕಂಡ ಸಂಹಿತಾಳ ಅಮ್ಮ ಗಾಬರಿಯಾಗಿ, ನಾವು ಯಾರೂ ಕರೆದಿಲ್ಲವಲ್ಲ ಎಂದರು.

ಸಂಹಿತಾ ಅವನ ಹಳೆಯ ಸೈಟು ನೋಡಿದಳು. ನಗುವ ಅಜ್ಜನ ಫೋಟೋ ಬಂದಾಗ ಕೆಳತುಟಿ ಕಚ್ಚಿಕೊಂಡಳು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಕನ್ನಡದಲ್ಲಿ ಬರೆಯುತ್ತ ಹೋದಳು. ಇಂಟರ್ನೆಟ್ಟಿನಲ್ಲಿ ಅಂಗಡಿಗೊಂದು ಹೆಸರು ಬೇಕು, ಅದಕ್ಕೆ ವರ್ಷಕ್ಕೆ ಏಳುನೂರು. ಹಳೆಯ ಹೆಸರು ಹೋದರೆ ಹೋಗಲಿ, ಹೊಸದನ್ನು ದಾಸಪ್ಪನ ಹೆಸರಿನಲ್ಲೇ ಕೊಳ್ಳಬೇಕು. ಸೈಟು ಇಡಲಿಕ್ಕೆ ಜಾಗ ಬೇಕು, ಅದರ ಬಾಡಿಗೆ ವರ್ಷಕ್ಕೆ ಮೂರು ಸಾವಿರ. ಫೋಟೋ ತೆಗೆಯುವವನಿಗೆ ಎರಡು ಸಾವಿರ. ಆರು ಪುಟ ಮಾಡಲು ಅವಳಿಗೆ ಎಂಟು ದಿನ ಬೇಕು, ದಿನಕ್ಕೆ ಒಂದೂವರೆ ಸಾವಿರದಂತೆ ಹನ್ನೆರಡು ಸಾವಿರ. ಒಟ್ಟು ಹದಿನೇಳು ಸಾವಿರದ ಏಳುನೂರು. ಮುಂದಿನ ವರ್ಷದಿಂದ ಹೆಸರಿನದು, ಬಾಡಿಗೆಯದು ಮಾತ್ರ.

ಗಾಜಿನ ಕೋಣೆಯ ಕಥೆಯನ್ನೆಲ್ಲ ಹೇಳಿ, ಜಯಂತ್ ಎಂಬತ್ತೈದು ಸಾವಿರ ಕೇಳಿದ್ದು ಮೋಸವೇ ಎಂದು ದಾಸಪ್ಪ ಕೇಳಿದ. ಮೋಸ ಅಂತಲ್ಲ, ದೊಡ್ಡ ಕಂಪನಿಗೆ ಬೇಕಾದದ್ದನ್ನೆಲ್ಲ ಅದರಲ್ಲಿ ಸೇರಿಸಿರುತ್ತಾರೆ, ಗಾಜಿನ ಕೋಣೆಯ ಬಾಡಿಗೆಯೂ ಸೇರಿರುತ್ತದೆ, ನಿಮಗೆ ಬೇಡದ್ದು ಯಾವುದು ಎಂದು ಮಾತ್ರ ಹೇಳುವುದಿಲ್ಲ ಎಂದಳು. ಐದು ಸಾವಿರದವರು ಬರೀ ಆಸೆ ತೋರಿಸಿ, ಎರಡನೇ ವರ್ಷ ಕತ್ತು ಹಿಡಿಯುತ್ತಾರೆ ಎಂದೂ ಸೇರಿಸಿದಳು.

ದಾಸಪ್ಪ ಹಾಳೆಯನ್ನು ಎರಡು ಸಲ ಓದಿದ. ಆಮೇಲೆ, ಯಾರೂ ಕೇಳದಿದ್ದರೂ, ಅವಳ ಪೆನ್ನು ಇಸಿದುಕೊಂಡು ಹಾಳೆಯ ಹಿಂದೆ ಬರೆಯತೊಡಗಿದ. ಚಟ್ಟ ಸಾವಿರದ ಎಂಟುನೂರು. ಮಡಕೆ, ಬಟ್ಟೆ ಒಂಬೈನೂರು. ಹೂವು ಎರಡು ಸಾವಿರದ ಇನ್ನೂರು. ಪೂಜೆ ಸಾಮಾನು ಸಾವಿರದ ನೂರು. ವ್ಯಾನು ಮೂರೂವರೆ ಸಾವಿರ. ಆಳುಗಳಿಗೆ ಎರಡು ಸಾವಿರ. ಸಂಹಿತಾ ಮನಸ್ಸಿನಲ್ಲೇ ಕೂಡಿ ಹನ್ನೊಂದೂವರೆ ಎಂದಳು.

"ಮಿಕ್ಕ ಐದು ಸಾವಿರ?"

"ಅದು ಯಾರೂ ಕೇಳಾಕಿಲ್ಲ ಅಂತ ತಾಯಿ" ಎಂದ ದಾಸಪ್ಪ.

ಅವಳ ಅಮ್ಮ ತಂದಿಟ್ಟ ಕಾಫಿ ಆರುತ್ತಿತ್ತು. ದಾಸಪ್ಪ ಜೇಬಿನಿಂದ ಎರಡು ಸಾವಿರದ ನೋಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಮೂರು ಸಾವಿರ ತನ್ನ ಲಾಭ, ಅದನ್ನು ಬಿಡಲಾರೆ. ಉಳಿದದ್ದು ತಾತನದು ಎಂದ. ಸಂಹಿತಾ ತೆಗೆದುಕೊಂಡಳು. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದವನಿಗೆ ಒಂದು ಕ್ಷಣ ಕಸಿವಿಸಿಯಾಯಿತು.

ಈ ಪಟ್ಟಿಯನ್ನೇ ಸೈಟಿನಲ್ಲಿ ಹಾಕೋಣ ಎಂದಳು ಅವಳು. ಲಾಭವೂ ಸೇರಿದ ಹಾಗೆ, ಒಂದೊಂದಕ್ಕೂ ಬೆಲೆ ನಮೂದಿಸಿ. ದಾಸಪ್ಪ ಹೌಹಾರಿದ. ಮನೆಗೆ ಹೋಗಿ ಹೇಳಿದರೆ ಹೆಂಡತಿಯಾದರೂ ಬೈದು ತನ್ನ ಪಕ್ಷಕ್ಕೆ ಬರುತ್ತಾಳೆ ಎಂದುಕೊಂಡಿದ್ದ. ಮುನಿಯಲ್ಲಮ್ಮ ಹೂ ಕಟ್ಟುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಆಕು" ಎಂದಳು. "ಅಳ್ತಾ ಬಂದೋರ್ ಮಕ ನೋಡಿ ರೇಟ್ ಏಳೋದು ನಂಗೂ ಸಾಕಾಗೈತೆ. ಬೋರ್ಡ್ ಓದ್ಕಂಡು ಬರ್ಲಿ."

ಸೈಟು ಶುರುವಾದ ವಾರವೇ ಇದೇ ವ್ಯಾಪಾರದ ಎದುರಿನ ಎರಡು ಅಂಗಡಿಯವರು ಜಗಳಕ್ಕೆ ಬಂದರು. ಹೆಣದ ಮುಂದೆ ಚೌಕಾಸಿ ಮಾಡುವುದನ್ನು ಜನಕ್ಕೆ ಕಲಿಸಿಕೊಟ್ಟೆ ಎಂದು ಅವರಲ್ಲಿ ವೆಂಕಟೇಶಪ್ಪ ಎಂಬವನು ಮಡಕೆಯೊಂದನ್ನು ಒಡೆದೇ ಹೋದ. ಅವನ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. ದಾಸಪ್ಪನ ಬೆಲೆ ಓದಿ, ಅದನ್ನೇ ತೋರಿಸಿ ಬೇರೆ ಕಡೆ ಕಡಿಮೆಗೆ ಕೊಂಡವರೂ ಇದ್ದರು. ಆದರೆ ಅಪಾರ್ಟ್‌ಮೆಂಟಿನವರು ಬರತೊಡಗಿದರು. ಬಂದವರು ಏನೂ ಕೇಳದೆ, ಪಟ್ಟಿಯಲ್ಲಿ ಇಂತಿಂಥದು ಸಾಕು ಎನ್ನುತ್ತಿದ್ದರು. ಒಂದೊಂದು ಸಾವಿನ ಲಾಭ ಇಳಿಯಿತು, ಸಾವುಗಳು ಹೆಚ್ಚಿದವು. ಅದನ್ನು ಖುಷಿಯಿಂದ ಹೇಳಿಕೊಳ್ಳುವ ಹಾಗಿಲ್ಲದ್ದರಿಂದ ದಾಸಪ್ಪ ಗಂಭೀರವಾಗಿದ್ದ.

ಆರು ತಿಂಗಳ ಮೇಲೆ ಆರ್.ಟಿ. ನಗರದಿಂದ ಬದರೀನಾಥ ಎಂಬ ಹಿರಿಯರ ಫೋನು ಬಂತು. ಸೈಟಿನಲ್ಲಿ ಬುಕ್ ಮಾಡಲು ಹೋದರೆ ದಿನಾಂಕ ಕೇಳುತ್ತಿದೆ, ತುಂಬದಿದ್ದರೆ ಮುಂದಕ್ಕೇ ಬಿಡುವುದಿಲ್ಲ ಎಂದು ದೂರಿದರು. ಯಾರು ತೀರಿಕೊಂಡದ್ದು ಎಂದು ದಾಸಪ್ಪ ವಿಚಾರಿಸಿದ.

"ಇನ್ನೂ ಯಾರೂ ಇಲ್ಲಪ್ಪ, ನನಗೇ" ಎಂದರು ಅವರು. "ಎಂಬತ್ತೆರಡಾಯ್ತು. ದಿನಾಂಕ ಏನ್ ಹಾಕಲಿ ಹೇಳಿ."

ದಾಸಪ್ಪ ಸಂಹಿತಾಗೆ ಹೇಳಿ ಆ ನಿಯಮ ತೆಗೆಸಿದ. ಅವಳು ಅದಕ್ಕೆ ಇನ್ನೂರು ರೂಪಾಯಿ ತೆಗೆದುಕೊಂಡಳು. ಇಷ್ಟಾದರೂ ಮನಸ್ಸು ತಡೆಯದೆ ಅವನು ಬದರೀನಾಥರ ಮನೆಗೆ ಹೋದ. ಅವರ ಹೆಂಡತಿ ಕೃಷ್ಣವೇಣಮ್ಮ ಉಪ್ಪಿಟ್ಟು ಕೊಟ್ಟು, ಪಕ್ಕದಲ್ಲೇ ಕೂತು ಪಟ್ಟಿ ತಿದ್ದಿಸಿದರು. ಸುಗಂಧರಾಜ ಬೇಡ, ಇವರಿಗೆ ಸೀನು ಬರುತ್ತದೆ ಎಂದರು. ದಾಸಪ್ಪ ಅದನ್ನೂ ಬರೆದುಕೊಂಡ.

ಮುಂದಿನ ಸೋಮವಾರ ಬದರೀನಾಥರು ಆಟೋದಲ್ಲಿ ಅಂಗಡಿಗೇ ಬಂದರು. ದಾಸಪ್ಪ ಎದ್ದು ಎರಡೂ ಕೈ ಜೋಡಿಸಿ ನಿಂತ. ಅವರು ಒಂದೊಂದಾಗಿ ಬಿದಿರು ತಟ್ಟಿ ನೋಡಿ, ಒಂದನ್ನು ಸೀಳು ಬಿಟ್ಟಿದೆ ಎಂದು ಬದಿಗಿರಿಸಿ, ಮುನಿಯಲ್ಲಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತ ಮಧ್ಯಾಹ್ನದವರೆಗೂ ಕೂತಿದ್ದರು. ಹೊರಡುವಾಗ ಚಟ್ಟದ ಮೇಲೆ ಐವತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡೇ ಆಟೋ ಹತ್ತಿದರು.