ಕೇಸರಿ ಬಕೆಟ್ಟು ಇಲ್ಲದ ಫೋಟೋ

ನಾನು ಒಂದು ಕ್ಯಾಮೆರಾ. ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯೊಂದರಲ್ಲಿ. ನನ್ನ ಹಾಗೇ ಕಪ್ಪಗೆ, ನನ್ನ ಹಾಗೇ ಒಕ್ಕಣ್ಣಿನ ಸಾವಿರಾರು ಒಡಹುಟ್ಟಿದವರು ನನಗೆ. ಹೆತ್ತ ತಾಯಿಯೇ ಬಂದಿದ್ದರೂ ನಮ್ಮಲ್ಲಿ ಯಾರು ಯಾರೆಂದು ಹೇಳಲಾಗುತ್ತಿರಲಿಲ್ಲ.

ನನ್ನನ್ನು ಮೊದಲು ಕೊಂಡವರು ಗದಗಿನಲ್ಲಿ ಸ್ಟುಡಿಯೋ ಇಟ್ಟಿದ್ದ ಮುರಿಗೆಪ್ಪನವರು. ಮದುವೆ, ಸೀಮಂತ, ತೊಟ್ಟಿಲ ಶಾಸ್ತ್ರ ಅಂತ ಉಸಿರಾಡಲೂ ಪುರುಸೊತ್ತಿರಲಿಲ್ಲ. ಒಮ್ಮೆ ಕಲ್ಯಾಣ ಮಂಟಪದಲ್ಲಿ ಅದಲುಬದಲಾಗಿ ಇನ್ನಾರದೋ ಚೀಲ ಸೇರಿಬಿಟ್ಟೆ. ಹುಡುಕಿ ತಂದ ಮೇಲೆ ಮುರಿಗೆಪ್ಪನವರು ನನ್ನ ಪಟ್ಟಿಗೆ ಒಂದು ಕೆಂಪು ದಾರ ಕಟ್ಟಿದರು. "ಇನ್ನ ಎಲ್ಲಿದ್ರೂ ನೀ ನನ್ನದ ಬಿಡು" ಎಂದರು. ಆ ದಾರ ಬಂದ ಮೇಲೆ ನನಗೆಷ್ಟು ಜಂಭ ಅಂತೀರಿ!

ಎಲ್ಲರ ಕೈಗೂ ಮೊಬೈಲು ಬಂತು, ಸ್ಟುಡಿಯೋ ಮುಚ್ಚಿತು. ನಾನು ಮೈಸೂರಿನ ಸುಕೃತಾ ಎಂಬ ಹುಡುಗಿಯ ಪಾಲಾದೆ. ಚಿತ್ರಕಲೆ ಓದಿದವಳು, ಕೆಟ್ಟವಳಲ್ಲ. ಆದರೆ ಬಂದ ದಿನವೇ "ಥೂ, ಏನಿದು ಕೊಳಕು" ಎಂದು ದಾರವನ್ನು ಕತ್ತರಿಸಿ ಬಿಸಾಡಿದಳು.

ಅವಳಿಗೆ ಮನುಷ್ಯರ ಮುಖ ಬೇಡ. ಊರ ಹೊರಗಿನ ಬಡಾವಣೆಗಳಲ್ಲಿ ಒಂದೇ ಅಚ್ಚಿನಲ್ಲಿ ಹಾಕಿ ತೆಗೆದಂಥ ಮನೆಗಳಿರುತ್ತವಲ್ಲ, ಆ ಸಾಲುಗಳನ್ನೇ ತೆಗೆಯುವುದು, ಅದೇ ಕಲೆ. ವಧುವರರ ಮುಖ ನೋಡಿ ಬೆಳೆದ ನನಗೆ ಇದೇನು ಕರ್ಮ ಎನಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಬೆಳಗಿನ ಬಿಸಿಲಲ್ಲಿ ಆ ಸಾಲುಗಳು ಚೆಂದವೇ ಕಾಣುತ್ತಿದ್ದವು.

ಹುಬ್ಬಳ್ಳಿಯಾಚೆಯ ಒಂದು ಬಡಾವಣೆಗೆ ಹೋದೆವು. ಎಲ್ಲ ಮನೆಗೂ ಹಳದಿ ಗೋಡೆ, ನೀಲಿ ಗೇಟು. ಒಂದು ಮನೆಯ ಗೇಟಿನ ಕಂಬದ ಮೇಲೆ ಮಾತ್ರ ಒಡೆದ ಕೇಸರಿ ಬಕೆಟ್ಟೊಂದನ್ನು ಬೋರಲು ಹಾಕಿದ್ದರು. ಸುಕೃತಾ ಗೇಟು ತಟ್ಟಿದಳು. ಆ ಮನೆಯ ಶಾವಂತ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದರು.

"ಅಮ್ಮಾ, ಫೋಟೋ ತೆಗೀಬೇಕು. ಈ ಬಕೆಟ್ ಸ್ವಲ್ಪ ಕೆಳಗಿಡ್ಲಾ? ಎಲ್ಲಾ ಮನೇನೂ ಒಂದೇ ಥರ ಕಾಣ್ಬೇಕು."

ಶಾವಂತ್ರವ್ವ ನಕ್ಕುಬಿಟ್ಟರು. "ಒಂದ ಥರ ಕಾಣಬಾರದಂತನ ಇಟ್ಟೀನವ್ವಾ! ನಮ್ಮ ಮನಿಯವ್ರಿಗೆ ಮರವು ಭಾಳ ಆಗೇತಿ. ಬಕೀಟ್ ಇದ್ದದ್ದ ನಮ್ಮನಿ ಅಂತ ಹೇಳಿಕೊಟ್ಟೀನಿ. ಹಾಲು ತರಾಕ ಹೋಗ್ಯಾರ. ಅವ್ರು ಬರೂದ್ರಾಗ ಮತ್ತ ಇಟ್ಟಬಿಡು, ಮರೀಬ್ಯಾಡ."

"ಅಯ್ಯೋ, ಖಂಡಿತ ಇಡ್ತೀನಮ್ಮಾ."

ಒಲೆಯ ಮೇಲೆ ಏನೋ ಸೀಯುವ ವಾಸನೆ ಬಂತು, ಶಾವಂತ್ರವ್ವ ಒಳಗೆ ಓಡಿದರು. ಸುಕೃತಾ ಬಕೆಟ್ಟನ್ನು ಕಾಂಪೌಂಡಿನ ಹಿಂದಿಟ್ಟು, ರಸ್ತೆಯಾಚೆ ನನ್ನನ್ನು ನಿಲ್ಲಿಸಿ, ಬಿಸಿಲಿಗಾಗಿ ಕಾದಳು.

ಬಿಸಿಲು ಬಂತು. ಅದರ ಜೊತೆಗೇ ಹಾಲಿನ ಪಾಕೀಟು ಹಿಡಿದ ಮುದುಕರೊಬ್ಬರು ಬಂದರು. ಪ್ರತಿ ಗೇಟಿನ ಕಂಬವನ್ನೂ ತಲೆಯೆತ್ತಿ ನೋಡುತ್ತಿದ್ದರು. ಅವರೇ ಫಕೀರಪ್ಪನವರು, ಶಾವಂತ್ರವ್ವನ ಗಂಡ. ನನಗೆ ತಕ್ಷಣ ಗೊತ್ತಾಯಿತು. ಸುಕೃತಾಳಿಗೆ ಕಂಡದ್ದು ಮನೆಗಳ ಸಾಲಿನ ಮುಂದೆ ಒಂದು ಒಂಟಿ ಆಕೃತಿ ಅಷ್ಟೆ. "ವಾಹ್, ಸರಿಯಾಗಿ ಬಂದ್ರು!" ಎಂದು ಉಸಿರು ಬಿಗಿಹಿಡಿದಳು.

ನಾನು ಪಡಬಾರದ ಪಾಡು ಪಟ್ಟೆ. ಫೋಕಸ್ ಆಗದೆ ಹಟ ಹಿಡಿದೆ, ಕೆಂಪು ದೀಪ ಮಿಟುಕಿಸಿದೆ. "ಇದೊಂದು ಹಳೇ ಡಬ್ಬಾ" ಎಂದು ಬೈದು ಅವಳು ಗುಂಡಿ ಒತ್ತಿದಳು. ಫಕೀರಪ್ಪನವರು ತಮ್ಮ ಮನೆಯ ಮುಂದೆ ಒಂದು ಗಳಿಗೆ ನಿಂತರು. ಕಂಬ ನೋಡಿದರು. ಮುಂದೆ ಹೋದರು. ಸಾಲು ಮುಗಿದ ಮೇಲೆ ಹೆದ್ದಾರಿಯ ಕಡೆ ತಿರುಗಿದರು.

ಸುಕೃತಾ ಸಂತೋಷದಲ್ಲಿ ಮೈಮರೆತಿದ್ದಳು. ನನ್ನನ್ನು ಚೀಲಕ್ಕೆ ಹಾಕಿ ಹೊರಟೇಬಿಟ್ಟಳು. ಬಕೆಟ್ಟು ಕಾಂಪೌಂಡಿನ ಹಿಂದೆಯೇ ಉಳಿಯಿತು.

ಕೆಲವು ತಿಂಗಳ ಮೇಲೆ ಬೆಂಗಳೂರಿನಲ್ಲಿ ನಡೆದ ಅವಳ ಪ್ರದರ್ಶನದಲ್ಲಿ ಜನ ಆ ಚಿತ್ರಕ್ಕೇ ಮುಗಿಬಿದ್ದರು. ಹಿಗ್ಗಿದ ಸುಕೃತಾ ಬಡಾವಣೆಯವರಿಗೂ ಒಂದು ಪ್ರತಿ ಕೊಡೋಣವೆಂದು ಮತ್ತೆ ಅಲ್ಲಿಗೆ ಹೋದಳು. ಕಂಬದ ಮೇಲೆ ಬಕೆಟ್ಟು ಇತ್ತು, ಪಕ್ಕದಲ್ಲೇ ಶಾವಂತ್ರವ್ವ ನಿಂತಿದ್ದರು. ಚಿತ್ರವನ್ನು ಕೈಗೆ ತೆಗೆದುಕೊಂಡರು.

"ಯವ್ವಾ, ಇವ್ರು ನಮ್ಮವ್ರ! ಅವತ್ತ ಹೋದವ್ರು ಇನ್ನೂ ಸಿಕ್ಕಿಲ್ಲ, ತಾಯಿ. ಇಲ್ಲಿತನಕ ಬಂದಿದ್ರಾ?" ಬೆರಳಿನಿಂದ ಚಿತ್ರದ ಕಂಬವನ್ನು ತಡವಿದರು. "ಬಕೀಟ್ ಎಲ್ಲೈತಿ ಇದರಾಗ?"

ಸುಕೃತಾಳ ಕಣ್ಣು ಕಾಂಪೌಂಡಿನ ಹಿಂದಕ್ಕೆ ಹೋಯಿತು. ಅವಳ ಕೊರಳಲ್ಲಿ ನೇತಾಡುತ್ತಿದ್ದ ನನಗೆ ಎದೆಯ ಬಡಿತ ಕೇಳುತ್ತಿತ್ತು. ಶಾವಂತ್ರವ್ವ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಈಗ ಇಟ್ಟೀನಿ, ನೋಡು. ಬಂದ್ರ ಗುರ್ತ ಸಿಗತೈತಿ" ಎಂದಷ್ಟೇ ಹೇಳಿದರು.

ಅಂದಿನಿಂದ ಸುಕೃತಾ ನನ್ನನ್ನು ಮುಟ್ಟಿಲ್ಲ. ಬೀರುವಿನ ಮೂಲೆಯಲ್ಲಿ ಹಳೇ ಸ್ವೆಟರುಗಳ ನಡುವೆ ಬಿದ್ದಿದ್ದೇನೆ. ಕಣ್ಣಿಗೆ ಪೊರೆ ಬಂದ ಹಾಗೆ ಬೂಷ್ಟು ಹಿಡಿದಿದೆ. ಆ ಚಿತ್ರ ಇನ್ನೂ ನನ್ನ ಹೊಟ್ಟೆಯಲ್ಲೇ ಇದೆ. ಅದರಲ್ಲಿ ಫಕೀರಪ್ಪನವರು ಒಂದು ಕಾಲು ಎತ್ತಿದ್ದಾರೆ, ಕೈಯಲ್ಲಿ ಹಾಲಿದೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅವರ ಗೇಟಿದೆ. ದೇವರು ನನಗೆ ಇಷ್ಟು ಚೆಂದದ ಕಣ್ಣು ಕೊಟ್ಟ. "ಯಜಮಾನರೇ, ಇದೇ ನಿಮ್ಮನೆ" ಎಂದು ಕೂಗಲು ಒಂದು ಬಾಯಿ ಕೊಡಲಿಲ್ಲ.