ಕತ್ತರಿ ಮುಟ್ಟಿದ ಪಾನ್ಸಿತ್

ಲಿಯೊನಿಲಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡೇ ಕತ್ತರಿ ಕೈಗೆತ್ತಿಕೊಂಡಳು. ಯಾರಾದರೂ ಕಂಡರೆ ಗತಿಯೇನು!

ಅಂದು ತಾಯಿ ಎಪಿಫಾನಿಯಾಗೆ ಎಂಬತ್ತೊಂದು ತುಂಬಿತ್ತು. ಹುಟ್ಟುಹಬ್ಬವೆಂದರೆ ಪಾನ್ಸಿತ್ ಆಗಲೇಬೇಕು. ಅದರ ಶ್ಯಾವಿಗೆ ಎಷ್ಟುದ್ದವೋ ಆಯಸ್ಸು ಅಷ್ಟುದ್ದ, ಕಬ್ಬಿಣ ತಾಗಿಸುವಂತಿಲ್ಲ. ಈ ಕಟ್ಟಳೆ ತಂದ ಚೀನೀಯರು ಯಾವ ಕಾಲದಲ್ಲಿ ಬಂದರೋ, ಈಗಂತೂ ಅದು ಈ ಮಲಬೋನ್ ಊರಿನ ಮನೆಮನೆಯದು. ನಲವತ್ತು ವರ್ಷ ಬೀದಿಗೆಲ್ಲ ಪಾನ್ಸಿತ್ ಬೇಯಿಸಿ ಹಾಕಿದ ಎಪಿಫಾನಿಯಾ, ಬಡಿಸುವಾಗ ಎಳೆ ತುಂಡಾದರೆ ಸೌಟಿನಲ್ಲೇ ಬಾರಿಸುತ್ತಿದ್ದವಳು.

ಆದರೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ನುಣ್ಣಗೆ ಮಾಡದೆ ಏನನ್ನೂ ಕೊಡಬೇಡಿ, ಉಸಿರು ಕಟ್ಟಿ ಹೋಗಿಬಿಡುತ್ತಾರೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಂದಿನಿಂದ ಅರೆದು, ಸೋಸಿ, ಚಮಚ ಚಮಚ ಉಣಿಸಿದವಳು ಲಿಯೊನಿಲಾ.

“ಏನೇ ಮಾಡ್ತಿದ್ದೀಯ?”

ಬಾಗಿಲಲ್ಲಿ ಅಕ್ಕ ಪ್ಯೂರಿತಾ. ದೂರದ ಬಾಗಿಯೊ ಊರಿನಿಂದ ಬೆಳಗ್ಗೆಯಷ್ಟೇ ಬಂದಿದ್ದಳು. ಈ ಎಂಟು ತಿಂಗಳಲ್ಲಿ ಒಂದು ದಿನ ಬಂದು ತಾಯಿಯ ಹಾಸಿಗೆ ಬದಲಿಸಿದವಳಲ್ಲ, ಮಹಾರಾಯ್ತಿ.

“ಅಮ್ಮನ ಪಾಲಿನದು ಅರೆಯೋಕೆ ಸಣ್ಣಗೆ ಮಾಡ್ತಿದ್ದೀನಿ ಅಕ್ಕ. ಉದ್ದ ಇದ್ರೆ ನುಂಗಕ್ಕಾಗಲ್ಲ.”

“ಅಯ್ಯೋ, ನಿನ್ ಕೈ ಸೇದ್ಹೋಗ! ಹುಟ್ಟಿದ ದಿನಾನೇ ಹೆತ್ತೋಳ ಆಯಸ್ಸು ಕತ್ತರಿಸ್ತೀಯಾ? ನೋಡ್ಕೊಳ್ಳೋದು ಸಾಕಾಗಿದ್ರೆ ಬಾಯ್ಬಿಟ್ಟು ಹೇಳು!”

“ಡಾಕ್ಟರು ಹೇಳಿದ್ದಾರೆ ಕಣೆ...”

“ಡಾಕ್ಟರಂತೆ ಡಾಕ್ಟರು! ಅವನ ಅಜ್ಜಿಗೂ ಹೀಗೇ ತಿನ್ನಿಸಿದ್ನಂತಾ?”

ಹಜಾರದಲ್ಲಿ ನೆಂಟರ ಮಾತು ನಿಂತುಹೋಯಿತು. ಪ್ಯೂರಿತಾ ಕತ್ತರಿಸಿಟ್ಟ ಪಾನ್ಸಿತ್ತಿನ ಬಟ್ಟಲನ್ನು ಹಿತ್ತಿಲಿಗೆ ಒಯ್ದು ನಾಯಿಯ ಮುಂದೆ ಸುರಿದಳು. ತಟ್ಟೆ ತುಂಬ ಉದ್ದನೆಯ ಪಾನ್ಸಿತ್ ಹಾಕಿಕೊಂಡು ಹಜಾರದಲ್ಲಿದ್ದ ತಾಯಿಯ ಪಕ್ಕ ಕೂತಳು. ಕಿತ್ತಳೆ ಬಣ್ಣದ ಸಾರು, ಸಿಗಡಿ, ಮೊಟ್ಟೆ. ತನ್ನ ಕೈಯಡುಗೆಯ ವಾಸನೆಯೇ ಬಂದಂತಾಗಿ ಮುದುಕಿ ಮಗುವಿನ ಹಾಗೆ ಬಾಯಿ ತೆರೆದಳು.

ಬೇಡ ಎನ್ನುವ ಮಾತು ಲಿಯೊನಿಲಾಳ ನಾಲಿಗೆಯ ತುದಿಗೆ ಬಂತು. ಆದರೆ ಎಲ್ಲರ ಕಣ್ಣೂ ಅವಳ ಮೇಲೇ ಇತ್ತು. ತಾಯಿ ಯಾವಾಗ ಸಾಯುತ್ತಾಳೋ ಎಂದು ಕಾಯುವ ಮಗಳು ಅನ್ನಿಸಿಕೊಳ್ಳುವ ಧೈರ್ಯ ಅವಳಿಗೆ ಸಾಲಲಿಲ್ಲ. ಬಾಗಿಲ ಬಳಿಯೇ ನಿಂತುಬಿಟ್ಟಳು.

ಮೊದಲ ತುತ್ತು ಇಳಿಯಿತು. ನೆಂಟರು ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಮುಖ ನೀಲಿಗಟ್ಟಿತು. ಲಿಯೊನಿಲಾ ಓಡಿಬಂದು ಗಂಟಲಿಗೆ ಬೆರಳು ಹಾಕಿ ಎಳೆದಳು, ಎಳೆದೇ ಎಳೆದಳು. ಎಳೆ ಎಲ್ಲೂ ತುಂಡಾಗಿರಲಿಲ್ಲ. ಆಸ್ಪತ್ರೆಯ ಗಾಡಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮರುದಿನ ಶವಪೆಟ್ಟಿಗೆಯ ಸುತ್ತ ಜನ ಕೂತಿದ್ದರು. ನೆರೆಮನೆಯ ಅಪೊಲೋನಿಯಾ ಬೀಸಣಿಗೆ ಆಡಿಸುತ್ತ ನಿಟ್ಟುಸಿರು ಬಿಟ್ಟಳು. “ಕತ್ತರಿ ಆಡಿಸಿದ್ಳಂತಲ್ಲ ಇವಳು. ಆಯಸ್ಸು ತುಂಡಾಗದೆ ಇನ್ನೇನಾಗುತ್ತೆ, ಪಾಪ!”

ಲಿಯೊನಿಲಾ ಅಕ್ಕನ ಕಡೆ ನೋಡಿದಳು. ಪ್ಯೂರಿತಾ ತಲೆ ತಗ್ಗಿಸಿ ಹೂಗುಚ್ಛದ ಪಟ್ಟಿ ಸರಿಮಾಡತೊಡಗಿದಳು. ಲಿಯೊನಿಲಾ ಎದ್ದು ನಿಂತಳು.

“ಕತ್ತರಿಸಿದ್ದನ್ನ ತಿಂದಿದ್ದು ನಮ್ಮ ನಾಯಿ ಕಣಮ್ಮಾ,” ಎಂದಳು. “ನೋಡಿ, ಬಾಗಿಲಲ್ಲಿ ಗುಂಡುಕಲ್ಲಿನ ಹಾಗೆ ಬಾಲ ಆಡಿಸ್ತಾ ಕೂತಿದೆ. ಅಮ್ಮ ತಿಂದಿದ್ದು ಉದ್ದದ್ದು. ಅಕ್ಕ ತಿನ್ನಿಸಿದ್ಳು. ಗೊತ್ತಿದ್ದೂ ಬಾಯ್ಮುಚ್ಕೊಂಡು ನಿಂತಿದ್ದೋಳು ನಾನು.”