ಶೆಫಾಲಿ ಬೇಡವೆಂದ ಮಾತು

ಯಲಬುರ್ಗಾದ ದಾನೇಶ್ವರಿ ಪೂರ್ವ ಬಂಗಾಳದಿಂದ ಓಡಿಬಂದು ಈ ಸೀಮೆಯಲ್ಲಿ ನೆಲೆನಿಂತ ನಿರಾಶ್ರಿತರ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಳು. ಗಂಗಾವತಿಯಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಮೀನು ಮಾರುತ್ತಿದ್ದ ಮುದುಕಿ ಶೆಫಾಲಿ ಆಕೆಗೆ ಬಲು ಬೇಗ ಹೊಂದಿಕೊಂಡಳು. ಮೀನು ಹಸನು ಮಾಡುತ್ತ ಕ್ಯಾಂಪಿನ ದಿನಗಳನ್ನು, ಕನ್ನಡ ಕಲಿತ ಫಜೀತಿಯನ್ನು ನಗುನಗುತ್ತ ಹೇಳುತ್ತಿದ್ದಳು. ಗಡಿ ದಾಟಿದ ಮಾತು ಬಂದರೆ ಮಾತ್ರ, "ಅದು ಬ್ಯಾಡ ಬಿಡವ್ವಾ" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದಾನೇಶ್ವರಿ ಬಿಡಲಿಲ್ಲ.

"ಹೇಳಿದ್ರ ಮನಸ್ಸು ಹಗುರಾಗ್ತೈತ್ರಿ ಅಮ್ಮಾ. ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ."

ಮುದುಕಿ ಹೇಳಿದಳು. ಗಡಿ ದಾಟುವಾಗ ಬೆನ್ನಟ್ಟಿದವರು ಹತ್ತಿರ ಬಂದಿದ್ದರು. ಜ್ವರ ಬಂದಿದ್ದ ಅವಳ ಗಂಡುಕೂಸು ಅಳು ನಿಲ್ಲಿಸಲಿಲ್ಲ. ಜೊತೆಗಿದ್ದವರ ಜೀವ ಉಳಿಯಲೆಂದು ಅದನ್ನು ಗಿಡದ ಬುಡದಲ್ಲಿ ಮಲಗಿಸಿ ಬಂದಿದ್ದಳು. ಆಗಿನ್ನೂ ಅದಕ್ಕೆ ಉಸಿರಿತ್ತು. ಹೇಳುತ್ತ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ದಾನೇಶ್ವರಿ ಒಂದು ಕೈಯಿಂದ ಆಕೆಯ ಬೆನ್ನು ಸವರಿದಳು. ಇನ್ನೊಂದರಿಂದ, ದನಿ ಸರಿಯಾಗಿ ದಾಖಲಾಗಲೆಂದು, ಮೊಬೈಲನ್ನು ಹತ್ತಿರ ಸರಿಸಿದಳು.

ಕೊಪ್ಪಳದ ವಿಚಾರ ಸಂಕಿರಣದಲ್ಲಿ ದಾನೇಶ್ವರಿ ಅದನ್ನು ಓದಿದಳು. ಹೆಸರು ಬದಲಿಸಿದ್ದಳು. ಆದರೆ ಗಂಗಾವತಿ, ಮೀನು, ಮಗಳ ಮನೆ ಎಲ್ಲ ಹಾಗೇ ಇದ್ದವು. ಶೆಫಾಲಿಯ ಓಣಿಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿದ್ದಳು. ಗುರುತು ಹಿಡಿಯಲು ಅವಳಿಗೆ ಅಷ್ಟು ಸಾಕಾಯಿತು.

ಮುಂದಿನ ಸಲ ದಾನೇಶ್ವರಿ ಹೋದಾಗ ಮಗಳು ಮಾಲತಿ ಬಾಗಿಲಿಗೆ ಅಡ್ಡ ನಿಂತಳು.

"ನನಗೊಬ್ಬ ಅಣ್ಣ ಇದ್ನಂತ. ಅದನ್ನ ಓಣಿ ಮಂದಿ ಬಾಯಾಗ ಕೇಳ್ಬೇಕಾತ್ರಿ ನಾನು. ಈಗ ಅವ್ವ ನನ್ನ ಮುಖಾನೂ ನೋಡವಲ್ಲಳು."

"ತಪ್ಪಾತ್ರಿ ಅಕ್ಕಾರ. ಹೆಸರು ಬದಲಿ ಮಾಡಿದ್ನಿ..."

"ಹೆಸರು ತಗೊಂಡು ಏನ್ ಮಾಡೂದೈತ್ರಿ?"

ಒಳಗೆ ಶೆಫಾಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದರೂ ತಿರುಗಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ದಾನೇಶ್ವರಿಗೆ ಆ ಮಧ್ಯಾಹ್ನ ನೆನಪಾಯಿತು. ಮುದುಕಿ ಅಳತೊಡಗಿದಾಗ ತನಗೆ ಮೊದಲು ಆದದ್ದು ಸಂಕಟವಲ್ಲ, ಖುಷಿ. ಸಿಕ್ಕಿತು ಎಂಬ ಖುಷಿ. ಅದು ಅವಳಿಗೆ ಆಗಲೇ ಗೊತ್ತಾಗಿತ್ತು. ಗೊತ್ತಾದರೂ ಕೇಳುತ್ತಲೇ ಕೂತಿದ್ದಳು.

"ಅದೇ ನಿನ್ನ ಪ್ರಬಂಧದ ಜೀವ, ತೆಗೀಬ್ಯಾಡ" ಎಂದರು ಮಾರ್ಗದರ್ಶಕರು. ದಾನೇಶ್ವರಿ ಆ ಭಾಗವನ್ನು ತೆಗೆದಳು. ಮೊಬೈಲಿನಲ್ಲಿದ್ದ ಧ್ವನಿಯನ್ನೂ ಅಳಿಸಿದಳು. ಓಣಿಯ ಬಾಯಿಂದ ಅಳಿಸಲಾಗಲಿಲ್ಲ.

ದಸರೆಯ ಹೊತ್ತಿಗೆ ಒಮ್ಮೆ ಧೈರ್ಯ ಮಾಡಿ ಫೋನ್ ಮಾಡಿದಳು. ಮಾಲತಿಯೇ ಎತ್ತಿದಳು.

"ಅವ್ವ ಈಗ ಎರಡು ತುತ್ತು ಉಣ್ಣಾಕತ್ಯಾಳ್ರಿ. ಒಮ್ಮೊಮ್ಮೆ ಅಣ್ಣನ ಬಗ್ಗೆ ತಾನಾಗೇ ನನಗ ಹೇಳ್ತಾಳ. ನೀವು ಮಾತ್ರ ಬರಬ್ಯಾಡ್ರಿ."

"ಹೂಂರಿ" ಎಂದಳು ದಾನೇಶ್ವರಿ. ಮತ್ತೆ ಹೋಗಲಿಲ್ಲ.